ಮೊದಲ ಗಿರಾಕಿ

“ಏನು ಕಡಿಮೆಯಾಗಿದೆ ಇದಕ್ಕೆ, ಏನು?”

ಖಾಲಿ ಶೋರೂಮಿನಲ್ಲಿ ಸೇಲ್ಸ್‌ಮನ್ ಒಬ್ಬನೇ ನಿಂತು ಕೇಳಿದ. ಎದುರಿಗೆ ಸಾಲಾಗಿ ಏಳು ಕಾರು. ಐದು ಜನರ ಸಂಸಾರ ಕಾಲು ಚಾಚಿ ಕೂರಬಹುದು, ಡಿಕ್ಕಿಯಲ್ಲಿ ಅರ್ಧ ಮನೆ ತುಂಬಬಹುದು. ಪಕ್ಕದೂರಿನಲ್ಲಿ ಇದೇ ಕಾರಿಗೆ ಜನ ತಿಂಗಳುಗಟ್ಟಲೆ ಕಾಯುತ್ತಾರೆ. ಈ ಊರಿನಲ್ಲಿ ಮಾತ್ರ ಎಂಟು ತಿಂಗಳಲ್ಲಿ ಮಾರಾಟವಾದದ್ದು ಒಂದೇ ಒಂದು. ಕೊಂಡವನು ಊರಿನ ಹೆಣಗಳನ್ನು ಸಾಗಿಸುವವನು. ಜನ ಅವನನ್ನು ಸಾರಥಿ ಎನ್ನುತ್ತಿದ್ದರು.

ಸೇಲ್ಸ್‌ಮನ್ ಆಗಷ್ಟೇ ಈ ಊರಿಗೆ ಬಂದಿದ್ದ. ಗಿರಾಕಿಯ ಕಸುಬು ಏನೆಂದು ಕೇಳಿರಲಿಲ್ಲ. ಮೊದಲ ಬೋಣಿಯ ಹಿಗ್ಗಿನಲ್ಲಿ ಅವನನ್ನು ಕಾರಿನ ಪಕ್ಕ ನಿಲ್ಲಿಸಿ, ತಾನೂ ಹಲ್ಲು ಕಿರಿದು ನಿಂತು, ಪತ್ರಿಕೆಗೆ ಫೋಟೊ ಕೊಟ್ಟಿದ್ದ: ‘ನಿಮ್ಮ ಮನೆಗೂ ಬರಲಿ!’ ಮರುವಾರವೇ ಸಾರಥಿ ಹಿಂದಿನ ಸೀಟು ತೆಗೆಸಿ ಡಿಕ್ಕಿಯವರೆಗೂ ಬಯಲು ಮಾಡಿಸಿದ.

ಆಮೇಲೆ ಕಂಪನಿ ಕೆಂಪು ಕಾರು ಕಳಿಸಿತು, ನೀಲಿ ಕಳಿಸಿತು. ಊರು ಬಣ್ಣ ನೋಡಲಿಲ್ಲ. ಮೂತಿಯ ಮೇಲಿನ ಬೆಳ್ಳಿ ಲಾಂಛನವನ್ನಷ್ಟೇ ನೋಡಿತು. ಹೋದ ವಾರ ಕೊಳ್ಳಲು ಬಂದ ಗಂಡ ಹೆಂಡತಿ ಓಡಿಸಿ ನೋಡಲು ಹೊರಟಿದ್ದರು. ನಾಲ್ಕು ರಸ್ತೆ ಕೂಡುವಲ್ಲಿ ಪೊಲೀಸಿನವನು ಎಲ್ಲ ಗಾಡಿ ತಡೆದು, ಇವರಿಗೆ ದಾರಿ ಬಿಟ್ಟು, ತಲೆ ತಗ್ಗಿಸಿ ನಿಂತ. ಹೆಂಡತಿ ಅಲ್ಲೇ ಇಳಿದುಬಿಟ್ಟಳು. “ನಾನು ನಡ್ಕೊಂಡೇ ಬರ್ತೀನಿ.”

ಮನೆಯಲ್ಲಿ ಸೇಲ್ಸ್‌ಮನ್ನನ ಹೆಂಡತಿಯದೂ ಅದೇ ಮಾತು. “ಆ ಕಾರನ್ನ ನಮ್ಮ ಬಾಗಿಲಿಗೆ ತರಬೇಡಿ ಅಂತ ಎಷ್ಟು ಸಲ ಹೇಳೋದ್ರೀ? ಪಕ್ಕದ ಮನೆಯವರು ಓಡಿ ಬಂದು ‘ಯಾರು ಹೋದ್ರು?’ ಅಂತ ನನ್ನನ್ನೇ ತಬ್ಕೊಂಡು ಅತ್ರು.”

ಈ ಬೆಳಿಗ್ಗೆ ಮಾಲೀಕ ಸುತ್ತಿ ಬಳಸಿ ಮಾತಾಡಲಿಲ್ಲ. ಸಾರಥಿಯ ಕಾರು ಬೀದಿಯಿಂದ ಹೋಗಬೇಕು. ಇಲ್ಲವಾದರೆ ತಿಂಗಳ ಕೊನೆಗೆ ಶೋರೂಮಿಗೆ ಬೀಗ. ಸೇಲ್ಸ್‌ಮನ್ನಿಗೆ ಐವತ್ತೆರಡು. ಕಾರು ಮಾರುವುದು ಬಿಟ್ಟು ಬೇರೆ ಕಸುಬು ಕಲಿತವನಲ್ಲ.

ಅವನು ಹೋದಾಗ ಸಾರಥಿ ತಗಡಿನ ಶೆಡ್ಡಿನಲ್ಲಿ ಕಾರಿನ ನೆಲ ಒರೆಸುತ್ತಿದ್ದ.

“ಅಣ್ಣಾ, ಬೇರೆ ಕಂಪನಿದು ಹೊಸಾ ವ್ಯಾನು ಕೊಡ್ತೀವಿ. ಬಿಟ್ಟಿ. ಇದನ್ನ ವಾಪಸ್ ಕೊಟ್ಬಿಡು.”

“ಯಾಕೆ? ಸಂಸಾರಸ್ಥರ ಕಾರು ಅಂತ ಹಾಡಿ ಹೊಗಳಿ ಮಾರಿದೋನು ನೀನೇ ತಾನೆ?”

“ಸಂಸಾರಸ್ಥರು ಇದರ ಕಡೆ ಕಣ್ಣೆತ್ತಿ ನೋಡ್ತಿಲ್ಲ. ಕಂಡ್ರೆ ನೀನೇ ನೆನಪಾಗ್ತೀಯಂತೆ.”

“ಮರೆತ್ರೆ ಸಾಯೋದು ತಪ್ಪುತ್ತಾ?” ಸಾರಥಿ ನಕ್ಕ.

“ನನ್ನ ಕೆಲಸ ಹೋಗುತ್ತಣ್ಣಾ. ಮನೇಲಿ ನಾಲ್ಕು ಬಾಯಿ ಇದೆ. ನಿಂಗಾದ್ರೆ ಯಾವ ಗಾಡಿ ಆದ್ರೇನು? ನಿನ್ನ ಗಿರಾಕಿಗಳು ಬ್ರ್ಯಾಂಡ್ ಕೇಳ್ತಾರಾ?”

ಸಾರಥಿ ಒರೆಸುವುದನ್ನು ನಿಲ್ಲಿಸಿದ. ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿ, ಅಲ್ಲೇ ಕುಕ್ಕರಗಾಲಲ್ಲಿ ಕೂತ.

“ಮುಂಚೆ ವ್ಯಾನೇ ಇತ್ತು ತಮ್ಮಾ. ಒಂದು ದಿನ ಒಬ್ಬ ತಾಯಿ ಹತ್ತಿದ್ಲು, ಆರು ವರ್ಷದ ಮಗಳನ್ನ ತೊಡೆ ಮೇಲೆ ಮಲಗಿಸ್ಕೊಂಡು. ಗುಂಡಿ ಸಿಕ್ಕಿದಾಗೆಲ್ಲ ವ್ಯಾನು ಎತ್ತಿ ಎತ್ತಿ ಹಾಕ್ತಿತ್ತು. ಮಗೂನ ಕೈ ಅಲ್ಲಾಡ್ತು. ‘ಜೀವ ಇದೆ ಕಣಪ್ಪಾ, ತಿರುಗಿಸು, ಆಸ್ಪತ್ರೆಗೆ ನಡಿ’ ಅಂದ್ಲು. ತಿರುಗಿಸ್ದೆ. ಡಾಕ್ಟ್ರು ನೋಡಿ, ಜೀವ ಇಲ್ಲ ಅಂತ ಕಳಿಸಿದ್ರು. ದಾರೀಲಿ ಮತ್ತೆ ಗುಂಡಿ, ಮತ್ತೆ ಕೈ. ಮೂರು ಸಲ ತಿರುಗಿಸ್ದೆ. ಮೂರನೇ ಸಲ ಡಾಕ್ಟ್ರು ಹೊರಗೇ ಬರ್ಲಿಲ್ಲ.”

ಸೇಲ್ಸ್‌ಮನ್ ತಲೆ ತಗ್ಗಿಸಿ ಕೈ ಮುಗಿದ.

“ಕಾಲಿಗೆ ಬೀಳ್ತೀನಣ್ಣಾ. ಒಂದು ಆರು ತಿಂಗಳಾದ್ರೂ ವ್ಯಾನು ಓಡಿಸು...”

ಸಾರಥಿ ಎದ್ದು ಕಾರಿನ ಬಾಗಿಲನ್ನು ಸದ್ದಾಗದಂತೆ ಮುಚ್ಚಿದ.

“ಇದ್ರಲ್ಲಿ ಮಲಗಿದೋರು ಇವತ್ತಿನವರೆಗೂ ಒಬ್ರೂ ಅಲ್ಲಾಡಿಲ್ಲ. ಕೊಡಲ್ಲ, ಹೋಗು.”