ಹೊಸ ಸನ್ನೆ

ಅಂಗಳದ ಆಚೆ ತುದಿಯಿಂದ ನಾಲ್ಕು ವರ್ಷದ ನೈರಾ ಯೊವಾನಾಳನ್ನೇ ನೋಡುತ್ತ, ಬೆರಳನ್ನು ಕೆನ್ನೆಗೊತ್ತಿ ತಿರುಗಿಸಿದಳು. ಕೊಚಬಾಂಬಾದ ಈ ಕಿವುಡು ಮಕ್ಕಳ ಶಿಶುವಿಹಾರಕ್ಕೆ ಯೊವಾನಾ ಶಿಕ್ಷಕಿಯ ತರಬೇತಿಗೆಂದು ಬಂದು ಮೂರು ವಾರವಾಗಿತ್ತು. ಅವಳು ಕಲಿತ ಸನ್ನೆಗಳಲ್ಲಿ ಇದಿರಲಿಲ್ಲ.

"ಹಲ್ಲು ನೋವಾ?" ಎಂದು ಕೈಸನ್ನೆಯಲ್ಲೇ ಕೇಳಿದಳು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕು, ತಾವೂ ಕೆನ್ನೆಗೆ ಬೆರಳೊತ್ತಿಕೊಂಡರು. ತನ್ನ ತಡವರಿಸುವ ಕೈಗಳನ್ನು ಅಣಕಿಸುತ್ತಿದ್ದಾರೆಂದು ಯೊವಾನಾಳ ಮುಖ ಸಣ್ಣದಾಯಿತು.

ಪಕ್ಕದಲ್ಲಿದ್ದ ಹಿರಿಯ ಶಿಕ್ಷಕಿ ದೋನ್ಯಾ ಎಲ್ವಿರಾ ನಕ್ಕರು. "ಅಣಕ ಅಲ್ಲ ಮಗಳೇ, ನಿನ್ನ ಕೆನ್ನೆ ಗುಳಿ ನೋಡಿ ನೈರಾ ನಿಂಗೆ ಸನ್ನೆಯಲ್ಲೇ ಹೆಸರಿಟ್ಟಿದಾಳೆ. ಈ ಹೆಸರು ನಾವಾಗೇ ಇಟ್ಕೊಳ್ಳೋ ಹಾಗಿಲ್ಲ, ಈ ಮಕ್ಕಳೇ ಕೊಡ್ಬೇಕು. ನಂಗೆ ಕೊಡೋಕೆ ಎರಡು ವರ್ಷ ಸತಾಯಿಸಿದ್ರು."

ಯೊವಾನಾ ತನ್ನ ಕೆನ್ನೆಯ ಗುಳಿಯನ್ನು ಮುಟ್ಟಿ ನೋಡಿಕೊಂಡಳು.

"ಇನ್ನೂ ಕೂತಿದೀಯಲ್ಲ? ಅವಳು ಕರೀತಿದಾಳೆ, ಹೋಗು."

ಕುರ್ಚಿ ಉರುಳಿ ಬಿದ್ದುದನ್ನೂ ಗಮನಿಸದೆ ಯೊವಾನಾ ಓಡಿದಳು.