ಸಾಕು ಎಂದರೆ

ಬಲವಂತವನ್ನು ನಿಷೇಧಿಸಿದ ಮೇಲೆ ಪ್ರತಿ ಮನೆಯ ಗೋಡೆಗೂ ಒಂದು ಯಂತ್ರ ಬಂದಿದೆ. ಯಾರಾದರೂ ಒತ್ತಾಯ ಮಾಡಿದರೆ ಕೂಗುತ್ತದೆ. ಪೊಲೀಸರು, ಮದುವೆ ದಲ್ಲಾಳಿಗಳು ಎಲ್ಲರೂ ಮೆತ್ತಗಾದರು, ಒಳ್ಳೆಯದೇ. ಆದರೆ ನನ್ನಾಕೆ ದೇವರ ಪಾದ ಸೇರಿದ ಮೇಲೆ ನಾನು ಸೊರಗುತ್ತಿದ್ದೇನೆ. ಊಟಕ್ಕೆ ಕುಳಿತು "ಸಾಕು" ಎಂದರೆ ಸೊಸೆ ಶ್ಯಾಮಲೆ ನಿಜವಾಗಿಯೂ ನಿಲ್ಲಿಸಿಬಿಡುತ್ತಾಳೆ.

ನಿನ್ನೆ ನಾದಿನಿ ಗಿರಿಜೆ ಬಂದು ತಾನೇ ಬಡಿಸಿದಳು.

"ಇನ್ನೊಂದ್ ಸೌಟು ಹುಳಿಯನ್ನ, ಭಾವ."

"ಸಾಕಮ್ಮ."

"ಅಕ್ಕನಾಣೆ, ತಿನ್ನಲೇಬೇಕು! ಒಣಕಲು ಕಡ್ಡಿ ಆಗಿದೀರಿ."

"ಬಲವಂತ! ಬಲವಂತ!" ಎಂದು ಯಂತ್ರ ಕೂಗಿತು.

"ಬಲವಂತ ಅಲ್ಲ ಕಣೋ ಮುಂಡೇದೆ, ಉಪಚಾರ!" ಎಂದು ಅದನ್ನು ಗದರಿ, ತುಪ್ಪವನ್ನೂ ಸುರಿದಳು.

ನಾನು ಕಣ್ಣೊರೆಸಿಕೊಂಡು ಎಲ್ಲವನ್ನೂ ತಿಂದೆ. ಶ್ಯಾಮಲೆ ಬೆರಗಾದಳು.

"ಹಾಗಾದ್ರೆ ಮಾವ, ಇಷ್ಟ್ ದಿನ ನೀವು ಸಾಕು ಅಂತಿದ್ದಿದ್ದು?"

"ಇನ್ನೊಂದ್ ಸಲ ಕೇಳು ಅಂತ, ಮಗಳೇ."