ಎಡಕ್ಕೆ ಬಾರದ ಚೆಂಡು

ಟಕ್. ಟಕ್. ಆಮೇಲೆ ಏನೋ ಉರುಳಿದ ಸದ್ದು.

ರಾತ್ರಿ ಹನ್ನೆರಡೂವರೆ. ತಂಗಿ ಗೋಡೆ ಸವರಿಕೊಂಡು, ಒಂದೊಂದೇ ಮೆಟ್ಟಿಲನ್ನು ಕಾಲಲ್ಲಿ ತಡವಿ ಕೆಳಗಿಳಿದಳು. ಆಟದ ಕೋಣೆಯ ಶಟರ್ ಅರ್ಧ ಇಳಿದಿತ್ತು. ಅದರಡಿ ಕಂಡದ್ದು ಗೋಡೆಗೊತ್ತಿದ ಟೇಬಲ್ ಟೆನ್ನಿಸ್ ಮೇಜಿನ ಕಾಲು, ಅಣ್ಣನ ಚಪ್ಪಲಿ, ಮತ್ತೆ ಮತ್ತೆ ಕೈತಪ್ಪಿ ಓಡುವ ಚೆಂಡು.

ಕಳ್ಳ! ನಾಳಿನ ಪಂದ್ಯಕ್ಕೆ ಗುಟ್ಟಾಗಿ ಅಭ್ಯಾಸ! ಕಾಲೇಜಿನಲ್ಲಿ ಕಪ್ ಗೆದ್ದವನು ಹೀಗೆ ತಪ್ಪುವುದೇ? ಅವಳಿಗೆ ನಗು ಉಕ್ಕಿತು.

ನಗುವಿನ ಹಿಂದೆಯೇ ದಿಗಿಲು. ಸೋಲಿನದಲ್ಲ.

ಅವಳಿಗೆ ಆರು ವರ್ಷವಿದ್ದಾಗ ಅಣ್ಣ ರಬ್ಬರ್ ಬ್ಯಾಂಡಿಗೆ ಸಿಕ್ಕಿಸಿ ಹಾರಿಸಿದ ಪೇಪರ್ ಕ್ಲಿಪ್ ಅವಳ ಎಡಗಣ್ಣಿಗೆ ತಗುಲಿತ್ತು. ಬಲಗಣ್ಣಿಗೆ ಕಪ್ಪು ಪಟ್ಟಿ ಕಟ್ಟಿ ಎಡಗಣ್ಣಿಗೆ ಕೆಲಸ ಕಲಿಸಲು ನೋಡಿದ್ದಾಯಿತು. ಗಾಯ ಮಾಯಿತು, ಕಲೆ ಉಳಿಯಿತು. ವರ್ಷ ಕಳೆದಂತೆ ಆ ಕಣ್ಣು ಮಂಜಾಯಿತು. ಈಗೀಗ ಸಂಜೆಯಾದರೆ ಹೊರಗಡೆಗೆ ವಾಲುತ್ತದೆ. ಲೋಟದ ಅಂದಾಜು ಸಿಗದೆ ನೀರು ಮೇಜಿಗೆ ಬೀಳುತ್ತದೆ. ದಿನವಿಡೀ ಕರಡು ತಿದ್ದುವವಳಲ್ಲವೇ, "ಆಯಾಸ" ಎಂದರೆ ನಡೆಯುತ್ತದೆ. ಎಲ್ಲರೂ ತನ್ನ ಬಲಕ್ಕೇ ಇರಲೆಂದು ಸೋಫಾದ ಎಡತುದಿ ಸದಾ ಅವಳದೇ.

ಕಣ್ಣಿಗೆ ಪೆಟ್ಟಾದಾಗ ಅಣ್ಣ ವಾರಗಟ್ಟಲೆ ಸರಿಯಾಗಿ ಉಂಡಿರಲಿಲ್ಲ. ಈಗಲೂ ಅವಳ ಪ್ರತಿ ಹುಟ್ಟುಹಬ್ಬಕ್ಕೂ ಕೇಳುತ್ತಾನೆ.

"ಕಣ್ಣು ಪರವಾಗಿಲ್ವಾ ಪುಟ್ಟಿ?"

"ಹದ್ದಿನ ಕಣ್ಣು ಕಣೋ ಅಣ್ಣ!"

ಕಟ್ಟಡದವರ ಪಂದ್ಯಕ್ಕೆ ಅತ್ತಿಗೆ ತಮಾಷೆಗೆಂದು ಇವಳ ಹೆಸರು ಬರೆಸಿದ್ದಳು. ಚೀಟಿ ಎತ್ತಿದರೆ ಎದುರಾಳಿ ಅಣ್ಣನೇ! ಎಡಕ್ಕೆ ನಾಲ್ಕು ಚೆಂಡು ಬಂದರೆ ಸಾಕು, ಇಪ್ಪತ್ತೇಳು ವರ್ಷದ ಸುಳ್ಳು ರಟ್ಟು.

ಬೆಳಿಗ್ಗೆ ಅಣ್ಣ ಹಣೆಯ ಮೇಲೊಂದು ಕೆಂಪು ಗೆರೆ ಹೊತ್ತು ತಿಂಡಿಗೆ ಬಂದ.

"ಏನ್ರೀ ಅದು?" ಎಂದಳು ಅತ್ತಿಗೆ.

"ದಿಂಬಿನ ಗುರುತು."

"ದಿಂಬನ್ನ ತಲೆಗೆ ಕಟ್ಕೊಂಡು ಮಲಗಿದ್ರಾ?"

ಪಂದ್ಯದ ಮೊದಲ ಚೆಂಡು ಬಲಕ್ಕೆ ಬಂತು. ಎರಡನೆಯದೂ. ಮೂರನೆಯದಂತೂ ತುಸು ಎತ್ತರದಲ್ಲಿ, ಹೊಡಿ ಮಹರಾಯ್ತಿ ಎನ್ನುವ ಹಾಗೆ ತೇಲಿ ಬಂತು. ಹೊಡೆದಳು! ಇಂಥ ಅದೃಷ್ಟ ಅವಳು ಕಂಡವಳೇ ಅಲ್ಲ.

"ಥತ್, ಕೈ ಜಾರ್ತಿದೆ," ಅಣ್ಣ ಗೊಣಗಿದ.

"ವಯಸ್ಸಾಯ್ತು, ಒಪ್ಕೋ!"

ಹನ್ನೊಂದು–ಎಂಟು. ಅವಳು ಬ್ಯಾಟನ್ನು ತಲೆಯ ಮೇಲೆ ಹೊತ್ತು ಮೇಜಿನ ಸುತ್ತ ಕುಣಿದಳು. ಅತ್ತಿಗೆ ಶಿಳ್ಳೆ ಹೊಡೆದಳು.

"ನೋಡಿದ್ಯಲ್ಲ? ಇನ್ನು ಕಣ್ಣಿನ ವಿಷಯ ಎತ್ಬೇಡ!"

"ಇಲ್ಲ ತಾಯಿ, ಇನ್ನು ಕೇಳೋದೇ ಇಲ್ಲ." ಅಣ್ಣನ ಮುಖ ಗೆದ್ದವನ ಹಾಗೆ ಅರಳಿತ್ತು.

ಬೆವರು ಒರೆಸಲು ಅವಳು ಅವನ ಚೀಲದಿಂದ ಟವೆಲ್ ಎಳೆದಳು. ಜೊತೆಗೆ ಒಂದು ಕಪ್ಪು ಕಣ್ಣುಪಟ್ಟಿ ಬಂತು. ಹೊಚ್ಚಹೊಸದು, ಎಡಗಣ್ಣಿನದು, ಎಲಾಸ್ಟಿಕ್ ಮಾತ್ರ ಅಣ್ಣನ ದೊಡ್ಡ ತಲೆಯ ಅಳತೆಗೆ ಹಿಗ್ಗಿತ್ತು.

ಅವಳಿಗೆ ಯಾವ ಚೆಂಡು ಕಾಣುತ್ತದೆ ಎಂದು ರಾತ್ರಿಯೆಲ್ಲ ಕಲಿತಿದ್ದ! ಪಟ್ಟಿಯನ್ನು ಇದ್ದಲ್ಲೇ ತುರುಕಿ, ಇದನ್ನು ಯಾರಿಗೂ, ಅವನಿಗಂತೂ ಹೇಳಬಾರದೆಂದು ನಿರ್ಧರಿಸಿ, ಅವಳು ಇನ್ನೊಂದು ಸುತ್ತು ಕುಣಿದಳು.